ಬಾಗಿಲಿಗೆ ಅಂಟಿಸಿದ ಅರ್ಜಿ

ಅಂಚೆಯವರ ಮೇಲೆ ಸೋಮಪ್ಪನಿಗೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ. ಅವನು ಕೂಡ್ಲಿಗಿ ಕೋರ್ಟಿನ ಅಮೀನ. ಸಮನ್ಸು, ನೋಟಿಸುಗಳನ್ನು ಚೀಲಕ್ಕೆ ತುಂಬಿಕೊಂಡು, ಬಸ್ಸು ಹೋಗುವ ಊರಿಗೆ ಬಸ್ಸಿನಲ್ಲಿ, ಹೋಗದ ಊರಿಗೆ ಸೈಕಲ್ಲಿನಲ್ಲಿ ತಿರುಗಿ, ಆಸಾಮಿ ಹೊಲದಲ್ಲಿರಲಿ ಚಾದಂಗಡಿಯಲ್ಲಿರಲಿ ಹುಡುಕಿ ಹಿಡಿದು, ಕಾಗದವನ್ನು ಕೈಗೇ ಕೊಟ್ಟು ಸಹಿ ಹಾಕಿಸಿಕೊಂಡು ಬರುವುದು, ಕೋರ್ಟಿನ ಮಾತಿನಲ್ಲಿ ಜಾರಿ ಮಾಡುವುದು, ಅವನ ಇಪ್ಪತ್ತೆರಡು ವರ್ಷದ ಕೆಲಸ. ಮನೆಯೊಳಗಿದ್ದೂ ಇಲ್ಲ ಎನ್ನಿಸುವವರು, ಕಾಗದ ಮುಟ್ಟುವುದಿಲ್ಲ ಎಂದು ಹಟ ಹಿಡಿಯುವವರು ಸಿಕ್ಕರೆ ಅದಕ್ಕೂ ಕಾನೂನಿನಲ್ಲಿ ದಾರಿ ಇತ್ತು. ಇಬ್ಬರು ಸಾಕ್ಷಿಗಳನ್ನು ನಿಲ್ಲಿಸಿಕೊಂಡು ಬಾಗಿಲಿಗೆ ಅಂಟಿಸುವುದು, ನಕಲಿನ ಬೆನ್ನ ಮೇಲೆ ಹೀಗೀಗಾಯಿತೆಂದು ಶರಾ ಬರೆದು ಕೋರ್ಟಿಗೆ ಒಪ್ಪಿಸುವುದು. ಅದಕ್ಕೆಂದೇ ಅವನ ಚೀಲದಲ್ಲಿ ಯಾವಾಗಲೂ ಒಂದು ಗೋಂದಿನ ಬಾಟಲಿ ಇರುತ್ತಿತ್ತು.

ಹೀಗಾಗಿ 2004ರ ಸಂಕ್ರಾಂತಿ ಮುಗಿದ ವಾರ ಮಗಳು ಸಮತಾ ಐದು ಲಕೋಟೆಗಳನ್ನು ಅಂಚೆ ಡಬ್ಬಿಗೆ ಹಾಕಿ ಬಂದೆ ಎಂದಾಗ ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ.

"ಬರೇ ಡಬ್ಬಿಗೆ ಹಾಕಿದ್ಯಾ? ರಿಜಿಸ್ಟರ್ ಮಾಡಿಸಬೇಕಿತ್ತು."

"ಅರ್ಜಿಗೆ ಯಾರಪ್ಪ ರಿಜಿಸ್ಟರ್ ಮಾಡ್ತಾರ? ಹುಚ್ಚರು ಅಂತಾರ."

"ಮುಟ್ಟೈತೋ ಇಲ್ಲೋ ಹೆಂಗ ಗೊತ್ತಾಕೈತಿ?"

"ಉತ್ತರ ಬಂದ್ರ ಗೊತ್ತಾಕೈತಿ."

ಸಮತಾ ಹೊಸಪೇಟೆಯಲ್ಲಿ ಐದು ವರ್ಷದ ಲಾ ಓದುತ್ತಿದ್ದಳು. ನಾಲ್ಕನೇ ವರ್ಷ. ಬೆಳಿಗ್ಗೆ ಏಳರ ಬಸ್ಸಿಗೆ ಹೋಗಿ ಸಂಜೆ ಐದಕ್ಕೆ ಮನೆಗೆ ಬರುತ್ತಿದ್ದಳು. ಬೆಂಗಳೂರಿನ ದೊಡ್ಡ ವಕೀಲರ ಕಂಪನಿಗಳು ಬೇಸಿಗೆ ರಜೆಯಲ್ಲಿ ಆರು ವಾರ ಲಾ ವಿದ್ಯಾರ್ಥಿಗಳನ್ನು ಕೆಲಸಕ್ಕೆ ಇಟ್ಟುಕೊಳ್ಳುತ್ತವೆ, ಚೆನ್ನಾಗಿ ಮಾಡಿದವರನ್ನು ಓದು ಮುಗಿದ ಮೇಲೆ ಕರೆಯುತ್ತವೆ ಎಂದು ಅವರ ಲೆಕ್ಚರರೊಬ್ಬರು ಹೇಳಿದ್ದರು. ಇವರ ಕಾಲೇಜಿನಿಂದ ಈತನಕ ಯಾರೂ ಹೋಗಿರಲಿಲ್ಲ. ಸಮತಾ ಲೈಬ್ರರಿಯಲ್ಲಿ ಕೂತು ಐದು ವಿಳಾಸ ಬರೆದುಕೊಂಡಳು, ಮಾರ್ಕ್ಸ್‌ಕಾರ್ಡುಗಳ ಜೆರಾಕ್ಸ್ ತೆಗೆಸಿದಳು, ಅರ್ಜಿಯನ್ನು ಎಂಟು ಸಲ ತಿದ್ದಿ ಟೈಪು ಮಾಡಿಸಿದಳು.

ಒಲೆಯ ಮುಂದೆ ಕೂತಿದ್ದ ತಾಯಿ ಕಲ್ಯಾಣಮ್ಮ ರೊಟ್ಟಿ ತಿರುವಿ ಹಾಕುತ್ತ ಹೇಳಿದಳು, "ಹಾಲಸ್ವಾಮಿ ವಕೀಲ್ರ ಆಫೀಸು ಇಲ್ಲೇ ಕೂಗಳತಿ ದೂರದಾಗ ಐತಿ. ಮನ್ಯಾಗ ಉಂಡು ಹೋಗಿ ಬರಬಹುದು. ಅದು ಬಿಟ್ಟು ಬೆಂಗಳೂರ ಯಾಕ ಬೇಕು?"

"ಹೋದ ವರ್ಷ ಹತ್ತು ದಿನ ಹೋಗಿದ್ದೆನಲ್ಲವ್ವ. ಹತ್ತು ದಿನದಾಗ ಒಬ್ರರ ಸಮತಾ ಅಂತ ಕರದ್ರಾ? ಅಮೀನನ ಮಗಳೇ, ಆ ಬೆಂಡಲ್ ತಾ. ಅಮೀನನ ಮಗಳೇ, ಕಕ್ಷಿದಾರರಿಗೆ ನೀರು ಕೊಡು. ನಾನು ಲಾ ಓದ್ತೀನಿ ಅನ್ನೋದು ಅಲ್ಲಿ ಯಾರಿಗೂ ನೆನಪ ಇರಲಿಲ್ಲ."

"ಅಮೀನನ ಮಗಳಿಗೆ ಅಮೀನನ ಮಗಳು ಅನ್ನದ ಇನ್ನೇನು ಗೌಡ್ರ ಮಗಳು ಅಂತಾರೇನ?" ಎಂದಳು ಮೂಲೆಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ ಅಜ್ಜಿ ಪಕ್ಕೀರಮ್ಮ. ಸೋಮಪ್ಪನ ತಾಯಿ. ಎಪ್ಪತ್ತು ದಾಟಿದರೂ ಅವಳ ನಾಲಿಗೆಗೆ ಮುಪ್ಪು ಬಂದಿರಲಿಲ್ಲ.

"ಅದಕ್ಕ ಅಜ್ಜಿ, ಅಮೀನ ಯಾರು ಅಂತ ಗೊತ್ತಿರದ ಊರಿಗೆ ಹೋಗ್ತೀನಿ. ಕಾಗದ ನೋಡಿ ಕರದ್ರ ಕರೀಲಿ."

ಆ ಮಾತು ಸೋಮಪ್ಪನಿಗೆ ಚುಚ್ಚಿತು. ಆದರೆ ಅದರಲ್ಲಿ ಸುಳ್ಳೇನೂ ಇರಲಿಲ್ಲ. ಹಾಲಸ್ವಾಮಿ ವಕೀಲರ ಆಫೀಸಿನ ಹೊಸ್ತಿಲ ಹೊರಗೆ ಕೈಕಟ್ಟಿ ನಿಂತು ಇಪ್ಪತ್ತೆರಡು ವರ್ಷ ಕಳೆದವನು ಅವನೇ. ಮಗಳು ಒಳಗೆ ಕುರ್ಚಿಯ ಮೇಲೆ ಕೂರಬೇಕು ಎಂಬ ಆಸೆ ಅವಳಿಗಿಂತ ಅವನಿಗೇ ಹೆಚ್ಚಿತ್ತು.

ಫೆಬ್ರುವರಿ ಬಂತು, ಉತ್ತರ ಬರಲಿಲ್ಲ. ಸಮತಾ ಕೂತಲ್ಲಿ ಕೂರದಾದಳು, ನಿಂತಲ್ಲಿ ನಿಲ್ಲದಾದಳು. ಕಾಲೇಜಿಲ್ಲದ ಶನಿವಾರ ಪೋಸ್ಟ್‌ಮ್ಯಾನ್ ಮಂಜಣ್ಣನ ಸೈಕಲ್ಲಿನ ಗಂಟೆ ಓಣಿಯ ತುದಿಯಲ್ಲಿ ಕೇಳಿದರೆ ಕೈಯಲ್ಲಿದ್ದ ಕೊಡ ಕೆಳಗಿಟ್ಟು ಓಡುತ್ತಿದ್ದಳು. ನಳ ಮೂರು ದಿನಕ್ಕೊಮ್ಮೆ ಬರುವ ಓಣಿಯಲ್ಲಿ ಕೊಡ ಬಿಟ್ಟು ಓಡಿದರೆ ಪಾಳಿ ತಪ್ಪುತ್ತದೆ. ಕಲ್ಯಾಣಮ್ಮ ಬೆಳಿಗ್ಗೆ ಒಂಬತ್ತಕ್ಕೆಲ್ಲ ಶಾಲೆಯಲ್ಲಿ ಬಿಸಿಯೂಟದ ಒಲೆ ಹಚ್ಚಬೇಕು, ಮುನ್ನೂರು ಮಕ್ಕಳಿಗೆ ಅನ್ನ ಸಾರು ಆಗಬೇಕು. ಮನೆಯಲ್ಲಿ ನೀರಿಲ್ಲದಿದ್ದರೆ ಅವಳ ಸಿಟ್ಟು ನೆತ್ತಿಗೇರುತ್ತಿತ್ತು.

"ಮಂಜಣ್ಣ ಏನು ನಿನ್ನ ನೋಡಾಕ ಬರೋ ವರ ಏನ? ನೀರು ತುಂಬು ಮೊದ್ಲು!"

ತಿಂಗಳ ನಡುವೆ ಎರಡು ಲಕೋಟೆ ಒಂದೇ ದಿನ ಬಂದವು. ಒಂದರಲ್ಲಿ ಎರಡು ಸಾಲು ಇದ್ದವು, ಈ ವರ್ಷ ಜಾಗವಿಲ್ಲ, ಶುಭವಾಗಲಿ. ಇನ್ನೊಂದು ಸಮತಾಳೇ ಕಳಿಸಿದ ಲಕೋಟೆ. ಕಂಪನಿ ಆ ವಿಳಾಸ ಬಿಟ್ಟು ಬೇರೆ ಕಡೆ ಹೋಗಿದೆ ಎಂಬ ಮುದ್ರೆ ಒತ್ತಿಸಿಕೊಂಡು ಬೆಂಗಳೂರು ನೋಡಿ ವಾಪಸು ಬಂದಿತ್ತು.

"ನೋಡು, ನಾ ಏನಂದಿದ್ದೆ? ಜಾರಿನ ಆಗಿಲ್ಲ," ಎಂದ ಸೋಮಪ್ಪ. "ನಮ್ಮ ಕೈಯಾಗ ಕೊಟ್ಟಿದ್ರ ಹೊಸ ವಿಳಾಸ ಎಲ್ಲೈತಿ ಅಂತ ಬಾಜೂ ಅಂಗಡ್ಯಾಗ ಕೇಳಿ ಮುಟ್ಟಿಸ್ತಿದ್ವಿ."

"ಅಪ್ಪ, ನಿನ್ನ ಕೈ ಮುಗೀತೀನಿ. ಜಾರಿ ಗೀರಿ ಅನ್ನಬ್ಯಾಡ. ಇದು ಕೋರ್ಟಿನ ಸಮನ್ಸ್ ಅಲ್ಲ."

ಉಳಿದ ಮೂರರಲ್ಲಿ ಅವಳ ಜೀವವೆಲ್ಲ ಇದ್ದದ್ದು ಕನ್ನಿಂಗ್‌ಹ್ಯಾಮ್ ರಸ್ತೆಯ ಕಂಪನಿಯ ಮೇಲೆ. ಮಾರ್ಚ್ ಕೊನೆಗೆ ಅವರು ಹೆಸರು ಗಟ್ಟಿ ಮಾಡುತ್ತಾರೆಂದು ಅವಳು ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು. ಅದು ಕೇಳಿ ಕೇಳಿ ಸೋಮಪ್ಪನಿಗೆ ರಸ್ತೆಯ ಹೆಸರು ಬಾಯಿಪಾಠವಾಗಿತ್ತು.

ಆ ಹೊತ್ತಿಗೇ ಒಂದು ಅಪೀಲಿನ ಕಡತವನ್ನು ಹೈಕೋರ್ಟಿಗೆ ಒಪ್ಪಿಸಿ ಬರಲು ಸೋಮಪ್ಪನಿಗೆ ಬೆಂಗಳೂರಿನ ಡ್ಯೂಟಿ ಬಿತ್ತು. ಹೊರಡುವ ಮುನ್ನ, ಮಗಳು ಕಾಲೇಜಿಗೆ ಹೋಗಿದ್ದಾಗ, ಅವಳ ಟ್ರಂಕಿನಿಂದ ಆ ಅರ್ಜಿಯ ಜೆರಾಕ್ಸ್ ಎರಡು ಪ್ರತಿ ತೆಗೆದು ಚೀಲದಲ್ಲಿಟ್ಟುಕೊಂಡ. ಯಾರಿಗೂ ಹೇಳಲಿಲ್ಲ. ಕೆಲಸ ಆದ ಮೇಲೆ ಹೇಳಿದರಾಯಿತು ಎಂದುಕೊಂಡ.

ಹೈಕೋರ್ಟಿನ ಕೆಲಸ ಹನ್ನೊಂದಕ್ಕೇ ಮುಗಿಯಿತು. ಕೇಳಿಕೊಂಡು, ನಡೆದುಕೊಂಡು ಕನ್ನಿಂಗ್‌ಹ್ಯಾಮ್ ರಸ್ತೆಗೆ ಹೋದ. ಮೈಮೇಲೆ ಇಸ್ತ್ರಿ ಮಾಡಿದ ಖಾಕಿ, ಎದೆಯ ಮೇಲೆ ಕೋರ್ಟಿನ ಬಿಲ್ಲೆ. ಗೇಟಿನ ವಾಚ್‌ಮ್ಯಾನ್ ಖಾಕಿ ನೋಡಿ ಸೆಲ್ಯೂಟು ಹೊಡೆದ. ಎರಡನೇ ಮಹಡಿಯಲ್ಲಿ ಗಾಜಿನ ಬಾಗಿಲು, ಒಳಗೆ ತಂಪು. ಮೇಜಿನ ಹಿಂದೆ ಕೂತ ಹುಡುಗಿ ಫೋನಿನಲ್ಲಿ ಮಾತಾಡುತ್ತಲೇ ಕೈ ಚಾಚಿ, "ಇಲ್ಲಿಟ್ಟು ಹೋಗಿ," ಎಂದಳು.

"ಇಟ್ಟು ಹೋಗೋದಲ್ಲಮ್ಮ. ಸಾಹೇಬ್ರ ಕೈಯಾಗ ಕೊಟ್ಟು ಸಹಿ ತಗೋಬೇಕು."

"ಸರ್ ಇಲ್ಲ. ಏನದು? ಓ, ಸ್ಟೂಡೆಂಟ್ ಅಪ್ಲಿಕೇಶನ್ನಾ? ಆ ಬಾಕ್ಸಿಗೆ ಹಾಕಿ."

ಮೇಜಿನ ಪಕ್ಕದಲ್ಲಿ ಟಿವಿ ಬಂದಿದ್ದ ರಟ್ಟಿನ ಪೆಟ್ಟಿಗೆಯೊಂದಿತ್ತು. ಅದರ ತುಂಬ ಲಕೋಟೆಗಳು. ಮೇಲಿನವು ಒಂದೂ ಒಡೆದಿರಲಿಲ್ಲ. ಅದರ ಮೇಲೆ ಯಾರೋ ಛತ್ರಿ ಇಟ್ಟಿದ್ದರು.

"ಇವನ್ನ ಯಾವಾಗ ಓದ್ತಾರಮ್ಮ?"

"ಟೈಮ್ ಸಿಕ್ಕಾಗ ನೋಡ್ತಾರೆ. ದಿನಾ ಬರ್ತಾನೇ ಇರುತ್ತೆ."

ಸೋಮಪ್ಪ ಬಗ್ಗಿ ಲಕೋಟೆಗಳ ಮೇಲಿನ ಅಕ್ಷರ ನೋಡಿದ, ಮಗಳದು ಕಾಣಲಿಲ್ಲ. ಎಂಟು ಸಲ ತಿದ್ದಿದ ಅರ್ಜಿ ಈ ರಾಶಿಯ ಅಡಿಯಲ್ಲಿ ಎಲ್ಲೋ ಬಿದ್ದಿದೆ. ಅಲ್ಲಿ ಮಗಳು ಕೊಡ ಕೆಳಗಿಟ್ಟು ಮಂಜಣ್ಣನ ಹಿಂದೆ ಓಡುತ್ತಿದ್ದಾಳೆ. ಸಾಹೇಬರು ಬರುವ ತನಕ ಕಾಯುತ್ತೇನೆಂದ. ನಾಲ್ಕು ಗಂಟೆಯವರೆಗೂ ನಿಂತೇ ಕಾದ. ಹುಡುಗಿ ಎರಡು ಸಲ ಹೋಗಿ ಎಂದಳು, ಮೂರನೇ ಸಲ ಮುಖ ಸಿಂಡರಿಸಿದಳು. ಸಹಿಯಾದರೂ ಹಾಕು ತಾಯಿ ಎಂದರೆ ಅದಕ್ಕೂ ಒಲ್ಲೆ ಎಂದಳು.

ಮುಂದೆ ಆದದ್ದಕ್ಕೆ ಸೋಮಪ್ಪನ ತಲೆಗಿಂತ ಕೈಯೇ ಕಾರಣ. ಒಲ್ಲೆ ಎಂಬ ಮಾತು ಕಿವಿಗೆ ಬಿದ್ದರೆ ಆ ಕೈಗೆ ಒಂದೇ ಕೆಲಸ ಗೊತ್ತು. ಹೊರಗೆ ಬಂದು ಗೋಂದಿನ ಬಾಟಲಿ ತೆಗೆದ. ಅರ್ಜಿಯ ನಾಲ್ಕೂ ಮೂಲೆಗೆ ಹಚ್ಚಿ ಗಾಜಿನ ಬಾಗಿಲ ನಟ್ಟ ನಡುವೆ, ಮನುಷ್ಯನ ಕಣ್ಣಿನ ಮಟ್ಟಕ್ಕೆ, ಅಂಗೈಯಿಂದ ತೀಡಿ ತೀಡಿ ಅಂಟಿಸಿದ. ಕೆಳಗಿನಿಂದ ವಾಚ್‌ಮ್ಯಾನನ್ನೂ ಎಳನೀರು ಮಾರುವವನನ್ನೂ ಕರೆತಂದು ಇನ್ನೊಂದು ಪ್ರತಿಯ ಹಿಂದೆ ಶರಾ ಬರೆದು ಸಾಕ್ಷಿ ಸಹಿ ಹಾಕಿಸಿದ. ಕೋರ್ಟಿನ ಕೆಲಸವೆಂದು ತಿಳಿದು ಇಬ್ಬರೂ ತುಟಿಪಿಟಕ್ಕೆನ್ನದೆ ಹಾಕಿದರು.

ಮರುದಿನ ಸಂಜೆ ಊಟಕ್ಕೆ ಕೂತಾಗ ಸೋಮಪ್ಪ ಆ ಪ್ರತಿಯನ್ನು ಮಗಳ ಗಂಗಾಳದ ಪಕ್ಕ ಇಟ್ಟ. ಮುಖದ ಮೇಲೆ ಹಬ್ಬದ ಕಳೆಯಿತ್ತು.

"ನಿಂದು ಜಾರಿ ಆತು, ನೋಡು."

ಸಮತಾ ತಿರುವಿ ಓದಿದಳು. ಸದರಿ ಕಚೇರಿಗೆ ಖುದ್ದು ಹೋಗಿ ವಿಚಾರಿಸಲಾಗಿ ಸಾಹೇಬರು ಇಲ್ಲವೆಂದು ತಿಳಿಸಿ ಸ್ವೀಕರಿಸಲು ನಿರಾಕರಿಸಿದ್ದರಿಂದ ಸಾಕ್ಷಿಗಳ ಸಮಕ್ಷಮ ಮುಂಬಾಗಿಲಿಗೆ ಅಂಟಿಸಲಾಯಿತು. ಅವಳ ಕೈಯಲ್ಲಿದ್ದ ತುತ್ತು ಗಂಗಾಳಕ್ಕೆ ಬಿತ್ತು.

"ಅಂಟಿಸಿದ್ಯಾ? ಅಪ್ಪ, ನಿಜವಾಗ್ಲೂ ಅಂಟಿಸಿದ್ಯಾ?"

"ಗಾಜಿನ ಮ್ಯಾಲ ಗೋಂದು ಭಾರಿ ಹಿಡಿತೈತವ್ವ. ಕಟಗಿ ಬಾಗಲಕ್ಕಿಂತ ಚಲೋ."

"ಈ ಬಟ್ಟಿ ಹಾಕ್ಕೊಂಡು? ಈ ಬಿಲ್ಲೆ ಇಟ್ಕೊಂಡು?"

"ಮತ್ತ? ಡ್ಯೂಟಿ ಮ್ಯಾಲ ಹೋಗಿದ್ನಲ್ಲ."

"ಅಯ್ಯೋ!" ಸಮತಾ ಎದ್ದು ನಿಂತಳು. "ಅಮೀನ ಅಂದ್ರ ಯಾರು ಅಂತ ಗೊತ್ತಿಲ್ಲದ ಊರು ಅದೊಂದ ಇತ್ತು. ಅಲ್ಲಿಗೂ ಹೋಗಿ ನನ್ನ ಹಣಿ ಮ್ಯಾಲ ಬರದು ಬಂದ್ಯಲ್ಲಪ್ಪ! ಅವರು ನಗ್ತಾರ. ಕೂಡ್ಲಿಗಿಯಿಂದ ಯಾವಾಕೆ ಬಂದಾಳ ಅಂತ ಬಿದ್ದು ಬಿದ್ದು ನಗ್ತಾರ. ಮುಗೀತು. ನಂದು ಮುಗೀತು."

"ಅಲ್ಲವ್ವ, ಅಲ್ಲಿ..." ಎಂದು ಸೋಮಪ್ಪ ಬಾಯಿ ತೆರೆದ. ರಟ್ಟಿನ ಪೆಟ್ಟಿಗೆಯ ಮಾತು ನಾಲಿಗೆಯ ತುದಿಗೆ ಬಂತು. ಅದನ್ನು ಕೇಳಿದರೆ ಮಗಳು ಇನ್ನೂ ಕುಗ್ಗಿಯಾಳು ಎಂದು ನುಂಗಿಕೊಂಡ.

"ಉಣ್ಣು ಬಾ. ಅನ್ನದ ಮ್ಯಾಲ ಸಿಟ್ಟು ಮಾಡಬಾರದು," ಎಂದಳು ಕಲ್ಯಾಣಮ್ಮ.

"ಆತಗ ಉಣ್ಣಾಕ ಹೇಳು. ದೊಡ್ಡ ಕೆಲಸ ಮಾಡಿ ಬಂದಾನ."

ಅಂದಿನಿಂದ ತಂದೆ ಮಗಳ ಮಾತು ನಿಂತಿತು. ಬೇಕಾದ್ದೆಲ್ಲ ಅಜ್ಜಿಯ ಮೂಲಕ ನಡೆಯತೊಡಗಿತು. ಅಜ್ಜಿ, ಬಸ್ ಪಾಸಿನ ಫಾರ್ಮಿಗೆ ಸಹಿ ಬೇಕಂತ ಹೇಳು. ಅವ್ವ, ಸಹಿ ಹಾಕೀನಿ ಅಂತ ಹೇಳು. ಪಕ್ಕೀರಮ್ಮ ಎರಡು ದಿನ ಸಹಿಸಿದಳು. ಮೂರನೇ ದಿನ ಬೈದಳು, "ಮೂರು ಮೊಳದ ಖೋಲ್ಯಾಗ ಮಾರಿ ತಿರುಗಿಸಿ ಕುಂತು ನನ್ನ ಟಪಾಲಿನಾಕಿ ಮಾಡೀರಿ. ನನಗೂ ಒಂದು ಸೈಕಲ್ ಕೊಡಿಸ್ರಿ."

ಹೀಗೆ ಒಂಬತ್ತು ದಿನ ಕಳೆದವು. ಕೋರ್ಟಿನ ಹಜಾರದಲ್ಲಿ ಹಾಲಸ್ವಾಮಿ ವಕೀಲರು ಸೋಮಪ್ಪನನ್ನು ತಡೆದು ನಿಲ್ಲಿಸಿದರು. ಕೆಟ್ಟ ಮನುಷ್ಯರಲ್ಲ. ಹಬ್ಬಕ್ಕೆ ಬಟ್ಟೆ ಕೊಡುವವರು. ಆದರೆ ಕೊಟ್ಟದ್ದನ್ನು ನೆನಪಿಸುವವರು.

"ಏನ್ ಸೋಮಪ್ಪ, ಮಗಳು ಬೆಂಗಳೂರಿಗೆ ಅರ್ಜಿ ಹಾಕ್ಯಾಳಂತ. ಇಲ್ಲಿ ನಾವೇನು ಸತ್ತೀವೇನು? ಮೇ ತಿಂಗಳಾಗ ನಮ್ಮಲ್ಲಿಗೇ ಕಳಿಸು. ಹಳೇ ಫೈಲೆಲ್ಲ ಧೂಳು ಹಿಡದಾವ, ನೀಟು ಮಾಡ್ಲಿ."

"ಆಗ್ಲಿರಿ ಸಾಹೇಬ್ರ," ಎಂದ ಸೋಮಪ್ಪ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ.

ಸಂಜೆ ಅದನ್ನು ಹೆಂಡತಿಗೆ ಮೆಲ್ಲಗೆ ಹೇಳುತ್ತಿದ್ದಾಗ ಒಳಗಿನಿಂದ ಸಮತಾ ಬಂದಳು. ಒಂಬತ್ತು ದಿನದ ಮೇಲೆ ಮೊದಲ ಸಲ ನೇರವಾಗಿ ಮಾತಾಡಿದಳು.

"ನನ್ನ ಕೇಳದ ಯಾಕ ಆಗ್ಲಿ ಅಂದಿ?"

"ಬಾಯಿಗೆ ಬಂತವ್ವ. ಅವರ ಮುಂದ ನಿಂತ್ರ ನನಗ ಬ್ಯಾರೆ ಮಾತು ಬರಂಗಿಲ್ಲ."

"ನನಗ ಬರ್ತೈತಿ. ನಾ ಹೋಗಂಗಿಲ್ಲ."

"ಹೋಗದ ಏನ್ ಮಾಡ್ತಿ?" ಕಲ್ಯಾಣಮ್ಮ ಸೌಟು ಕುಕ್ಕಿದಳು. "ಬೆಂಗಳೂರಿನ ಬಾಗಲಾ ಆತ ಮುಚ್ಚಿ ಬಂದಾನ, ಕೂಡ್ಲಿಗಿ ಬಾಗಲಾ ನೀ ಮುಚ್ಚು. ಇಬ್ರೂ ಕೂಡಿ ಮನ್ಯಾಗ ಕುಂದುರ್ರಿ. ನಾನೊಬ್ಬಾಕಿ ಸಾರು ಕುದಿಸ್ತೀನಿ."

ಮಾರ್ಚ್ ಹನ್ನೆರಡರಂದು ಶಿರಸ್ತೇದಾರರು ಸೋಮಪ್ಪನನ್ನು ಒಳಗೆ ಕರೆದರು. ಬೆಂಗಳೂರಿನ ಕಂಪನಿಯಿಂದ ನ್ಯಾಯಾಧೀಶರ ಹೆಸರಿಗೆ ಕಾಗದ ಬಂದಿತ್ತು. ನಿಮ್ಮ ಕೋರ್ಟಿನ ಬಿಲ್ಲೆ ಧರಿಸಿದ ವ್ಯಕ್ತಿಯೊಬ್ಬ ಸಾಕ್ಷಿಗಳ ಸಮೇತ ಬಂದು ನಮ್ಮ ಬಾಗಿಲಿಗೆ ಏನೋ ಅಂಟಿಸಿದ್ದಾನೆ, ಅದು ಸಮತಾ ಎಂಬ ವಿದ್ಯಾರ್ಥಿನಿಯ ಅರ್ಜಿಯೆಂದು ತಿಳಿಯುವ ತನಕ ನಮ್ಮ ಮೇಲೆ ದಾವೆಯಾಗಿದೆ ಎಂದು ಇಡೀ ಕಚೇರಿ ಅರ್ಧ ದಿನ ಗಾಬರಿಯಾಯಿತು, ಯಾರ ಆದೇಶದ ಮೇಲೆ ಇದು ನಡೆಯಿತು ತಿಳಿಸಿ.

"ಏನು ಮಾಡಿ ಬಂದೀಯಪ್ಪ ಪುಣ್ಯಾತ್ಮ?" ಎಂದರು ಶಿರಸ್ತೇದಾರರು. "ಮೆಮೊ ರೆಡಿ ಆಗ್ತೈತಿ. ಸಾಹೇಬ್ರು ಸಿಟ್ಟಾಗ್ಯಾರ."

ಸೋಮಪ್ಪ ಜ್ವರ ಎಂದು ರಜೆ ಬರೆದುಕೊಟ್ಟು ಮನೆಗೆ ಬಂದು ಕಂಬಳಿ ಹೊದ್ದು ಮಲಗಿದ. ಐದರ ಹೊತ್ತಿಗೆ ಹೊರಗೆ ಪರಿಚಿತ ಸೈಕಲ್ಲಿನ ಸ್ಟ್ಯಾಂಡು ಸದ್ದಾಯಿತು. ದುರುಗಪ್ಪ. ಅವನೂ ಅಮೀನ, ಸೋಮಪ್ಪನೇ ಕೆಲಸ ಕಲಿಸಿದ ಹುಡುಗ. ಮೆಮೊ ತಂದಿರುವುದು ಖಚಿತ. ಸೋಮಪ್ಪ ಕಂಬಳಿ ಕಿತ್ತೊಗೆದು ಎದ್ದ.

"ಅವ್ವ, ನಾ ಇಲ್ಲ ಅಂತ ಹೇಳು," ಎಂದವನೇ ಹಿತ್ತಲಿಗೆ ಓಡಿ ಬಚ್ಚಲಿನ ತಟ್ಟಿಯ ಹಿಂದೆ ಕೂತ.

"ಸೋಮಣ್ಣ ಅದಾನೇನಬೇ?" ದುರುಗಪ್ಪನ ದನಿ.

"ಇಲ್ಲಪ್ಪ. ಊರಿಗೆ ಹೋಗ್ಯಾನ."

"ಜ್ವರ ಬಂದು ಮಲಗ್ಯಾನ ಅಂದ್ರು?"

"ಜ್ವರ ತಗೊಂಡ ಹೋಗ್ಯಾನ."

ತಟ್ಟಿಯ ಹಿಂದೆ ಕೂತ ಸೋಮಪ್ಪನಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಇಪ್ಪತ್ತೆರಡು ವರ್ಷದಲ್ಲಿ ಹೀಗೆ ಬಚ್ಚಲಲ್ಲಿ, ಹುಲ್ಲಿನ ಬಣವಿಯ ಹಿಂದೆ, ದನದ ಕೊಟ್ಟಿಗೆಯಲ್ಲಿ ಅಡಗಿದ ಎಷ್ಟು ಜನರನ್ನು ಹಿಡಿದು ನಕ್ಕಿದ್ದನೋ.

ಆಗ ಸಮತಾಳ ದನಿ ಕೇಳಿತು. ಕಾಲೇಜಿನಿಂದ ಆಗಷ್ಟೇ ಬಂದಿದ್ದಳು.

"ತಾ ದುರುಗಣ್ಣ, ನಾ ತಗೊಂತೀನಿ. ಮನಿ ಮಂದಿ ಒಳಗ ವಯಸ್ಸಿಗೆ ಬಂದವರು ಯಾರು ತಗೊಂಡ್ರೂ ನಡೀತೈತಿ."

"ನಿನಗ ಯಾಕ ತಂಗಿ ಈ ತ್ರಾಸು? ನಾಳೆ ಬರ್ತೀನಿ ಬಿಡು."

"ಬ್ಯಾಡ. ಎಲ್ಲಿ ಸಹಿ ಮಾಡ್ಲಿ?"

ಸಹಿ ಆದ ಮೇಲೆ ದುರುಗಪ್ಪ ಹಿತ್ತಲಿಗೂ ಕೇಳಿಸುವ ಹಾಗೆ ಗಟ್ಟಿಯಾಗಿ ಹೇಳಿದ, "ಶಿರಸ್ತೇದಾರ್ರು ಒಂದು ಮಾತು ಹೇಳ್ಯಾರ. ಆ ಕಂಪನಿಯವ್ರು ನಮ್ಮದೇನೂ ತಕರಾರಿಲ್ಲ ಅಂತ ಬರದ್ರ ಸಾಹೇಬ್ರು ಇಲ್ಲಿಗೇ ಮುಗಿಸ್ತಾರಂತ. ಹುಡುಗಿ ಕಡಿಂದ ತಪ್ಪಾತು ಅಂತ ಒಂದು ಕಾಗದ ಹೋಗ್ಲಿ, ಅರ್ಜಿನೂ ವಾಪಸ್ ತಗೊಳ್ಲಿ ಅಂದ್ರು. ಏಳು ದಿನ ಟೈಮ್ ಐತಿ."

ಸೋಮಪ್ಪ ಒಳಗೆ ಬಂದಾಗ ಪಕ್ಕೀರಮ್ಮ ಹುಣಸೆಯ ಬುಟ್ಟಿ ಸರಿಸುತ್ತ, "ಊರಿಗೆಲ್ಲ ಶಕುನ ಹೇಳೋ ಹಲ್ಲಿ ಬಚ್ಚಲದಾಗ ಬಿತ್ತಂತ," ಎಂದಳು. ಸಮತಾ ಮೆಮೊ ಓದಿ ಮುಗಿಸಿ, ನೋಟುಬುಕ್ಕು ತೆಗೆದು ತಂದೆಯ ಮುಂದೆ ಕೂತಳು.

"ಉತ್ತರ ಬರೀಬೇಕು. ಕೇಳಿದ್ದಕ್ಕ ಖರೇ ಹೇಳು. ಎಷ್ಟಕ್ಕ ಹೋದಿ?"

"ಹನ್ನೆರಡು ಹೊಡದಿತ್ತು."

"ಕೋರ್ಟಿಂದ ಬಂದೀನಿ ಅಂದ್ಯಾ?"

"ಇಲ್ಲ. ಅಂದಿಲ್ಲ."

"ನಾಕರ ತನಕ ಅಲ್ಲಿ ಏನು ಮಾಡಿದಿ?"

"ನಿಂತಿದ್ದೆ."

"ಕುಂದ್ರಾಕ ಹೇಳಲಿಲ್ಲಾ?"

ಸೋಮಪ್ಪ ಕಂಬಳಿ ಎಳೆದುಕೊಂಡು ಮಡಚತೊಡಗಿದ. ಸಮತಾ ಬರೆಯುವುದನ್ನು ನಿಲ್ಲಿಸಿದಳು.

"ಅರ್ಜಿ ಇಟ್ಟು ಬರಬೇಕಿತ್ತ ಅಪ್ಪ. ಯಾಕ ಅಂಟಿಸಿದಿ?"

ಆಗ ಸೋಮಪ್ಪ ರಟ್ಟಿನ ಪೆಟ್ಟಿಗೆಯ ಮಾತು ಹೇಳಿದ. ಒಡೆಯದ ಲಕೋಟೆಗಳು, ಮೇಲಿಟ್ಟ ಛತ್ರಿ, ಎಲ್ಲ. "ಅದರಾಗ ನಿಂದು ಯಾವುದು ಅಂತ ನೋಡಿದೆ. ಕಾಣಲಿಲ್ಲ. ಬಾಗಲಿಗೆ ಇದ್ರ ಯಾರರ ಓದ್ತಾರ, ಪೆಟಿಗ್ಯಾಗ ಇದ್ರ ಯಾರೂ ಓದಂಗಿಲ್ಲ ಅನಿಸ್ತು."

ಸಮತಾ ಬಹಳ ಹೊತ್ತು ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದಳು. ಎರಡು ತಿಂಗಳು ತಾನು ದಾರಿ ಕಾದದ್ದು ಆ ಪೆಟ್ಟಿಗೆಗೆ ಎಂಬುದು ಅವಳಿಗೆ ಆಗ ಗೊತ್ತಾಯಿತು. ಅತ್ತರೆ ಚೆನ್ನಾಗಿತ್ತು, ಅಳಲಿಲ್ಲ. ಹೊಸ ಹಾಳೆ ತೆಗೆದು ಇಂಗ್ಲಿಷಿನಲ್ಲಿ ಕಂಪನಿಗೆ ಕಾಗದ ಬರೆದಳು. ತಂದೆಯ ತಪ್ಪನ್ನು ಕ್ಷಮಿಸಬೇಕು, ಅವರ ನೌಕರಿಗೆ ತೊಂದರೆಯಾಗಬಾರದು, ನನ್ನ ಅರ್ಜಿಯನ್ನು ವಾಪಸು ಪಡೆಯುತ್ತಿದ್ದೇನೆ. ಅದನ್ನು ಕನ್ನಡದಲ್ಲಿ ಓದಿ ಹೇಳಿ ಲಕೋಟೆಗೆ ಹಾಕಿ ಅವನ ಕೈಗೆ ಕೊಟ್ಟಳು.

"ನಾಳೆ ಹಾಕು. ಬೇಕಾದ್ರ ರಿಜಿಸ್ಟರ್ ಮಾಡ್ಸು."

"ಅರ್ಜಿ ಯಾಕ ವಾಪಸ್ ತಗೋಬೇಕು? ಅದೇನು ತಪ್ಪು ಮಾಡೈತಿ?"

"ನಿನ್ನ ನೌಕರಿ ಉಳಿದ್ರ ಸಾಕು. ನಾ ಮೇ ತಿಂಗಳಾಗ ಹಾಲಸ್ವಾಮಿ ವಕೀಲ್ರ ಕಡೆ ಹೋಗ್ತೀನಿ. ಧೂಳು ಜಾಡಿಸಾಕ ಯಾರಾದ್ರ ಏನು?"

ಮರುದಿನ ಸೋಮಪ್ಪ ಅಂಚೆ ಕಚೇರಿಗೆ ಹೋದ. ಕಿಟಕಿಯ ಮುಂದೆ ಪಾಳಿಯಲ್ಲಿ ನಿಂತ, ಪಾಳಿ ಬಂದಾಗ ಪಕ್ಕಕ್ಕೆ ಸರಿದ. ಸೋಮವಾರ ಹೋದ, ಗುರುವಾರ ಹೋದ. ಮಂಜಣ್ಣ ಒಳಗಿನಿಂದ ಇಣುಕಿ, "ಯಾಕ ಅಮೀನ್ರ, ಸ್ಟಾಂಪಿಗೆ ಚಿಲ್ಲರಿ ಇಲ್ಲೇನು?" ಎಂದು ಕೇಳಿದ. ಮನೆಯಲ್ಲಿ ಕಲ್ಯಾಣಮ್ಮ ಕೇಳಿದರೆ ಹ್ಞೂಂ ಎನ್ನುತ್ತಿದ್ದ. ಅದು ಹಾಕಿದ ಹ್ಞೂಂ ಎಂದು ಅವಳು ತಿಳಿದಳು. ಯುಗಾದಿ ಹತ್ತಿರ ಬಂದಿತ್ತು, ಹೋಳಿಗೆಗೆ ಬೆಲ್ಲ ತರಿಸುವ ಗಡಿಬಿಡಿಯಲ್ಲಿ ಅವಳು ಮತ್ತೆ ಕೇಳಲಿಲ್ಲ.

ಏಳನೇ ದಿನ, ಶುಕ್ರವಾರ, ಸಮತಾ ಬರೆದುಕೊಟ್ಟ ಉತ್ತರ ಹಿಡಿದುಕೊಂಡು ಸೋಮಪ್ಪ ನ್ಯಾಯಾಧೀಶರ ಕೋಣೆಯಲ್ಲಿ ನಿಂತ. ಅವರು ಓದಿದರು.

"ಕೋರ್ಟಿನ ಹೆಸರು ಎಲ್ಲೂ ಬಳಸಿಲ್ಲ ಅಂತ ಬರೆದಿದ್ದೀರಿ. ಬಿಲ್ಲೆ ಹಾಕಿಕೊಂಡು ಹೋದರೆ ಬಾಯಿಬಿಟ್ಟು ಹೇಳಬೇಕೇನ್ರಿ?"

"ಇಲ್ರಿ ಸಾಹೇಬ್ರ. ತಪ್ಪು."

"ಆ ಕಂಪನಿಗೆ ನಿಮ್ಮ ಮಗಳು ಕ್ಷಮಾಪಣೆ ಬರೀತಾಳೆ ಅಂತ ಶಿರಸ್ತೇದಾರ್ ಹೇಳಿದ್ದರು. ಬರೆದಳಾ?"

"ಬರದಾಳ್ರಿ. ನಾ ಕಳಿಸಿಲ್ರಿ."

ಪಕ್ಕದಲ್ಲಿದ್ದ ಶಿರಸ್ತೇದಾರರು ಕಣ್ಣು ಬಿಟ್ಟರು. ಈ ಸಲ ಸೋಮಪ್ಪನ ಬಾಯಿಗೆ ಆಗ್ಲಿರಿ ಬರಲಿಲ್ಲ.

"ಅದರಾಗ ಅರ್ಜಿ ವಾಪಸ್ ತಗೊಂತೀನಿ ಅಂತ ಬರದಾಳ್ರಿ. ತಪ್ಪು ನಂದ್ರಿ ಸಾಹೇಬ್ರ. ಅರ್ಜಿ ಆಕಿದು. ನನಗೇನು ಶಿಕ್ಷಾ ಕೊಡ್ತೀರಿ ಕೊಡ್ರಿ."

ನ್ಯಾಯಾಧೀಶರು ಕನ್ನಡಕ ತೆಗೆದು ಅವನನ್ನು ನೋಡಿದರು, ಮತ್ತೆ ಹಾಕಿಕೊಂಡು ಬರೆದರು. ಒಂದು ವರ್ಷದ ಇನ್‌ಕ್ರಿಮೆಂಟ್ ತಡೆ, ಜೊತೆಗೆ ಲಿಖಿತ ಎಚ್ಚರಿಕೆ. ಸೋಮಪ್ಪ ಆದೇಶದ ಪ್ರತಿ ತೆಗೆದುಕೊಂಡು, ಯಾರೂ ಕೇಳುವ ಮೊದಲೇ, ತಾನೇ ಸಹಿ ಹಾಕಿದ.

ಮನೆಯಲ್ಲಿ ಸುದ್ದಿ ಹೇಳಿದಾಗ ಮೊದಲು ಕೂಗಿದವಳು ಕಲ್ಯಾಣಮ್ಮ. "ಅಂದ್ರ ಕಾಗದ ಹಾಕಿಲ್ಲಾ? ವಾರದಿಂದ ನನ್ನ ಮುಂದ ಹ್ಞೂಂ ಅಂದಿದ್ದು ಯಾವ ಹ್ಞೂಂರಿ ಅದು? ಇನ್‌ಕ್ರಿಮೆಂಟ್ ಹೋತಂತ, ನಗ್ತಾ ಹೇಳ್ತೀರಲ್ಲ!"

"ನೌಕರಿ ಐತಲ್ಲ ಮಾರಾಯ್ತಿ."

"ಎಲ್ಲಿ ಆ ಕಾಗದ?" ಎಂದಳು ಸಮತಾ. ದನಿ ಗಟ್ಟಿಯಿತ್ತು. "ನಾ ಬರದದ್ದು ನೀ ಯಾಕ ಇಟ್ಕೊಂಡಿ? ಯಾರನ್ನ ಕೇಳಿ ಇಟ್ಕೊಂಡಿ?"

ಸೋಮಪ್ಪ ಚೀಲದಿಂದ ಲಕೋಟೆ ತೆಗೆದು ಕೊಟ್ಟ. ಅದರ ಬೆನ್ನ ಮೇಲೆ ಅವನ ದಪ್ಪಕ್ಷರದ ಶರಾ ಇತ್ತು. ಸಮತಾ ನಿಂತಲ್ಲೇ ಓದತೊಡಗಿದಳು.

"ಜೋರಾಗಿ ಓದ, ನನಗೂ ಕೇಳ್ಲಿ," ಎಂದಳು ಪಕ್ಕೀರಮ್ಮ.

"ಸದರಿ ಪತ್ರವನ್ನು ಅಂಚೆಗೆ ಹಾಕಲು ನನ್ನ ವಶಕ್ಕೆ ಕೊಡಲಾಗಿದ್ದು, ಅಂಚೆ ಕಚೇರಿಗೆ ಮೂರು ಸಲ ಹೋಗಿರುತ್ತೇನೆ. ಮೂರು ಸಲವೂ ಮನಸ್ಸು ಒಪ್ಪಲಿಲ್ಲವಾದ್ದರಿಂದ..." ಸಮತಾ ಲಕೋಟೆಯನ್ನು ಬೆಳಕಿಗೆ ಹಿಡಿದು ಮುಂದೆ ಓದಿದಳು. "ಜಾರಿ ಮಾಡದೆ ವಾಪಸು ಒಪ್ಪಿಸಿದೆ. ಸೋಮಪ್ಪ, ಅಮೀನ."

ಒಲೆಯ ಮೇಲೆ ಸಾರು ಉಕ್ಕಿತು. ಕಲ್ಯಾಣಮ್ಮ ಬೈಯುತ್ತ ಅತ್ತ ಹೋದಳು, ಹೋಗುವಾಗ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಸಮತಾ ಗೋಡೆಗೆ ಒರಗಿ ಕೂತು ಅಳಬೇಕಾದ್ದನ್ನೆಲ್ಲ ಅತ್ತಳು. ಸೋಮಪ್ಪನಿಗೆ ಏನು ಮಾಡಬೇಕೆಂದು ತೋಚದೆ ಅವಳ ಎದುರಿಗೆ ಕುಕ್ಕರುಗಾಲಲ್ಲಿ ಕೂತ.

"ಸೋಮವಾರ ಬೆಂಗಳೂರಿಗೆ ಹೋಗ್ತೀನಿ," ಎಂದಳು ಕೊನೆಗೆ, ಮೂಗು ಒರೆಸಿಕೊಂಡು. "ಮಾರ್ಚ್ ಇನ್ನೂ ಮುಗದಿಲ್ಲ. ಆ ಪೆಟಿಗ್ಯಾಗಿಂದ ನಂದು ಹುಡುಕಿ ತಗದು ಅವರ ಕೈಯಾಗ ಕೊಡ್ತೀನಿ. ಕೊಡೋ ತನಕ ಏಳಂಗಿಲ್ಲ."

"ನಾನೂ ಬರ್ಲ್ಯಾ?"

"ನೀ ಬರಬ್ಯಾಡ."

"ಆತು. ಬರಂಗಿಲ್ಲ." ಸೋಮಪ್ಪ ಏಳಹೋಗಿ ಮತ್ತೆ ಕೂತ. "ಆ ಮೇಜಿನ ಹುಡುಗಿ ಒಳಗ ಬಿಡಂಗಿಲ್ಲವ್ವ. ಯಾರು ನೀನು ಅಂತ ಕೇಳ್ತಾಳ. ಊರು, ಕಾಲೇಜು ಎರಡೂ ಆಕಿಗೆ ಗೊತ್ತಾಗಂಗಿಲ್ಲ. ಏನಂತ ಹೇಳ್ತಿ?"

ಸಮತಾ ತಲೆ ಎತ್ತಿ ತಂದೆಯ ಮುಖ ನೋಡಿದಳು.

"ನಿಮ್ಮ ಬಾಗಲಿಗೆ ಅರ್ಜಿ ಅಂಟಿಸಿ ಹೋದ್ರಲ್ಲ, ಆ ಅಮೀನನ ಮಗಳು ಅಂತೀನಿ. ಆ ಆಫೀಸ್ನಾಗ ಅದು ಗೊತ್ತಿಲ್ಲದವರು ಯಾರದಾರ?"